ಒಂದು ಹಡಗು, ಆರು ಯಜಮಾನರು: ಟಾಂಗನಿಕಾ ಸರೋವರದ ಒಂದು ಪ್ರಕರಣ

ಈ ಬರಹದಲ್ಲಿ ಹಡಗಿಗೆ ಹೆಸರಿಲ್ಲ. ಅದನ್ನು ನಡೆಸಿದ ಸಂಸ್ಥೆಗಳಿಗೂ, ಅದರಲ್ಲಿ ದುಡಿದವರಿಗೂ ಹೆಸರಿಲ್ಲ. ಯಾರನ್ನೋ ಹೊಗಳುವುದು ಅಥವಾ ದೂರುವುದು ಇಲ್ಲಿ ಮುಖ್ಯ ಅಲ್ಲ. ಯಾವ ಹೊತ್ತಲ್ಲಿ ಯಾವ ನಿರ್ಧಾರ ಆಯಿತು, ಅದರಿಂದ ಏನಾಯಿತು ಅನ್ನುವುದಷ್ಟೇ ಮುಖ್ಯ. ಆದರೆ ಜಾಗದ ಹೆಸರನ್ನು ಮುಚ್ಚಿಡೋಕೆ ಆಗುವುದಿಲ್ಲ. ಇಡೀ ಪ್ರಕರಣ ನಿಂತಿರುವುದೇ ಆ ಜಾಗದ ಮೇಲೆ. ಹಳೆ ಹಡಗುಗಳ ಹುಚ್ಚು ಇರುವವರಿಗೆ ಇದು ಯಾವ ಹಡಗು ಅಂತ ಎರಡನೇ ಪ್ಯಾರಾದಲ್ಲೇ ಗೊತ್ತಾಗುತ್ತದೆ. ಪರವಾಗಿಲ್ಲ.

ಹಿನ್ನೆಲೆ

ಪೂರ್ವ ಆಫ್ರಿಕಾದ ಟಾಂಗನಿಕಾ ಸರೋವರ ಉತ್ತರದಿಂದ ದಕ್ಷಿಣಕ್ಕೆ ಸುಮಾರು 670 ಕಿ.ಮೀ. ಉದ್ದ ಇದೆ. ತೀರಾ ಆಳದ ಕಡೆ 1,470 ಮೀಟರ್. ದಡ ಇವತ್ತು ನಾಲ್ಕು ದೇಶಗಳಿಗೆ ಹಂಚಿಹೋಗಿದೆ: ತಾಂಜಾನಿಯಾ, ಕಾಂಗೋ, ಬುರುಂಡಿ, ಜಾಂಬಿಯಾ. ಸರೋವರದಿಂದ ಸಮುದ್ರಕ್ಕೆ ಹಡಗು ಹೋಗುವ ದಾರಿ ಇಲ್ಲ. ಅಲ್ಲಿಗೆ ಹಡಗು ಬೇಕೆಂದರೆ ಬಿಡಿಬಿಡಿಯಾಗಿ ತಂದು ದಡದಲ್ಲೇ ಜೋಡಿಸಬೇಕು. ಒಮ್ಮೆ ನೀರಿಗೆ ಇಳಿದ ಹಡಗು ಮತ್ತೆ ಹೊರಗೆ ಹೋಗುವುದಿಲ್ಲ.

ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸಮುದ್ರದಲ್ಲಿ ಓಡುವ ಪ್ರಯಾಣಿಕರ ಹಡಗಿನ ಆಯುಸ್ಸು ಸಾಮಾನ್ಯವಾಗಿ ಒಂದೇ ರೀತಿ ಸಾಗುತ್ತದೆ. ಶ್ರೀಮಂತ ದೇಶದ ಕಂಪನಿ ಹೊಸದಾಗಿ ಕಟ್ಟಿಸುತ್ತದೆ, ಹದಿನೈದು ಇಪ್ಪತ್ತು ವರ್ಷ ಓಡಿಸಿ ಮಾರುತ್ತದೆ. ಕೊಂಡವರು ಬಣ್ಣ ಬಳಿದು, ಹೆಸರು ಬದಲಿಸಿ ಇನ್ನೊಂದು ಕಡೆ ಓಡಿಸುತ್ತಾರೆ. ಕೊನೆಗೆ ಗುಜರಿಗೆ ಹೋಗುತ್ತದೆ. ನಮ್ಮ ಈ ಹಡಗಿಗೆ ಆ ದಾರಿ ಇರಲೇ ಇಲ್ಲ. ಹಡಗು ಅಲ್ಲೇ ಇತ್ತು, ಯಜಮಾನರು ಬದಲಾಗುತ್ತಾ ಹೋದರು. ಅದೂ ಹೆಚ್ಚಾಗಿ ದೇಶದ ಗಡಿ, ಆಡಳಿತ ಬದಲಾದಾಗ.

ಹಡಗು ತಯಾರಾದದ್ದು 1913ರಲ್ಲಿ, ಜರ್ಮನಿಯ ಪಾಪೆನ್‌ಬರ್ಗ್ ಎಂಬ ಊರಿನ ಕಾರ್ಖಾನೆಯಲ್ಲಿ. ಉದ್ದ ಸುಮಾರು 70 ಮೀಟರ್. ಆಗ ಈ ಭಾಗ ಜರ್ಮನರ ವಸಾಹತು. ದಾರ್ ಎಸ್ ಸಲಾಮ್ ಬಂದರಿನಿಂದ ಸರೋವರದ ದಡದ ಕಿಗೋಮಾವರೆಗೆ ಸುಮಾರು 1,250 ಕಿ.ಮೀ. ರೈಲು ಹಾದಿ ಹಾಕುತ್ತಿದ್ದರು. 1914ರ ಫೆಬ್ರವರಿಯಲ್ಲಿ ಹಳಿ ಕಿಗೋಮಾ ಮುಟ್ಟಿತು. ಹಡಗನ್ನು ಕಾರ್ಖಾನೆಯಲ್ಲಿ ಒಮ್ಮೆ ಬೋಲ್ಟ್ ಹಾಕಿ ಜೋಡಿಸಿ ನೋಡಿದರು. ಮತ್ತೆ ಬಿಚ್ಚಿ ಸುಮಾರು 5,000 ಪೆಟ್ಟಿಗೆಗಳಲ್ಲಿ ತುಂಬಿದರು. ಸಮುದ್ರದಲ್ಲಿ ಬಂದು, ರೈಲು ಹತ್ತಿ, ಆ ಪೆಟ್ಟಿಗೆಗಳು ಕಿಗೋಮಾ ತಲುಪಿದವು. ಅಲ್ಲಿ ರಿವೆಟ್ ಹೊಡೆದು ಹಡಗು ಕಟ್ಟಿದರು. ಜೋಡಣೆ ನೋಡಿಕೊಳ್ಳಲು ಕಾರ್ಖಾನೆಯಿಂದಲೇ ಮೂವರು ಬಂದಿದ್ದರು. ಈ ಮೂವರು ಮುಂದೆ ಮತ್ತೆ ಬರುತ್ತಾರೆ.

ಹಡಗು 1915ರ ಫೆಬ್ರವರಿ 5ರಂದು ನೀರಿಗಿಳಿದಾಗ ಮೊದಲ ಮಹಾಯುದ್ಧ ಶುರುವಾಗಿ ಆರು ತಿಂಗಳಾಗಿತ್ತು. ಜನ, ಸರಕು ಸಾಗಿಸಬೇಕಿದ್ದ ಹಡಗಿನ ಮೇಲೆ ಫಿರಂಗಿ ಕೂರಿಸಿ ಸೈನಿಕರನ್ನು ಹತ್ತಿಸಿದರು. ಯುದ್ಧದ ಕಥೆ ರೋಚಕವಾಗಿದೆ, ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಮಗೆ ಬೇಕಾಗಿರುವುದು ಅದರ ಕೊನೆಯ ಭಾಗ ಮಾತ್ರ.

ಸಮಸ್ಯೆ ಏನು?

ಮುಂದಿನ ನೂರು ವರ್ಷದಲ್ಲಿ ಈ ಹಡಗು ಸರಿಸುಮಾರು ಆರು ಕೈ ದಾಟಿತು. ಜರ್ಮನ್ ವಸಾಹತು, ಬೆಲ್ಜಿಯಂ, ಬ್ರಿಟಿಷ್ ಆಡಳಿತದ ರೈಲ್ವೆ, ಮೂರು ದೇಶಗಳಿಗೆ (ಕೀನ್ಯಾ, ಉಗಾಂಡಾ, ತಾಂಜಾನಿಯಾ) ಸೇರಿದ ರೈಲ್ವೆ, ಸ್ವತಂತ್ರ ತಾಂಜಾನಿಯಾದ ರೈಲ್ವೆ, ಕೊನೆಗೆ ಹಡಗುಗಳಿಗೆಂದೇ ಮಾಡಿದ ಸರ್ಕಾರಿ ಕಂಪನಿ. ಪ್ರತಿ ಸಲವೂ ಹೊಸಬರ ಮುಂದೆ ಅದೇ ಪ್ರಶ್ನೆ. ರಿಪೇರಿ ಮಾಡೋದಾ, ಹೊಸದು ತರೋದಾ, ಹಾಗೇ ಬಿಡೋದಾ? ಬಿಟ್ಟು ಹೋಗುವವರ ಮುಂದೆಯೂ ಒಂದು ಪ್ರಶ್ನೆ ಇರುತ್ತದೆ, ಅದನ್ನು ಯಾರೂ ಜೋರಾಗಿ ಕೇಳುವುದಿಲ್ಲ. ಮುಂದೆ ಬರುವವನಿಗಾಗಿ ನಾನು ಯಾಕೆ ಖರ್ಚು ಮಾಡಲಿ?

ನನ್ನ ಮಟ್ಟಿಗೆ ಈ ಎರಡನೇ ಪ್ರಶ್ನೆಗೇ ತೂಕ ಜಾಸ್ತಿ.

ಮೊದಲ ತಿರುವು: ಮುಳುಗಿಸಿದ ರೀತಿ

1916ರ ಜುಲೈ ಹೊತ್ತಿಗೆ ಶತ್ರು ಸೇನೆ ರೈಲು ಹಾದಿಯ ಹತ್ತಿರ ಬಂದಿತ್ತು. ಕಿಗೋಮಾ ಬಿಡಲೇಬೇಕಾಯಿತು. ಹಡಗು ವೈರಿಗಳ ಕೈಗೆ ಸಿಗಬಾರದು, ಮುಳುಗಿಸಿ ಅಂತ ಆದೇಶ ಬಂತು. ಕೆಲಸ ಬಂದದ್ದು ಅದನ್ನು ಕಟ್ಟಿದ ಅದೇ ಮೂವರ ಕೈಗೆ.

ಮುಳುಗಿಸುವುದಕ್ಕೆ ಎಷ್ಟೋ ದಾರಿ ಇದೆ. ಸಿಡಿಮದ್ದು ಇಟ್ಟು ತಳ ಒಡೆಯಬಹುದು. ಬಾಯ್ಲರ್ ಹಾಳು ಮಾಡಬಹುದು. ಆಳದ ನೀರಿಗೆ ತಳ್ಳಿಬಿಟ್ಟರೆ ಮುಗೀತು, ಸಾವಿರ ಮೀಟರ್ ಕೆಳಗೆ ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಇವರು ಇದ್ಯಾವುದನ್ನೂ ಮಾಡಲಿಲ್ಲ. ಇಂಜಿನ್‌ನ ಭಾಗಗಳಿಗೆಲ್ಲ ದಪ್ಪಗೆ ಗ್ರೀಸ್ ಬಳಿದರು. ಹಡಗಿಗೆ ಮರಳು ತುಂಬಿದರು. ಮಲಗರಾಸಿ ನದಿ ಸರೋವರ ಸೇರುವ ಕಡೆ, ಸುಮಾರು 20 ಮೀಟರ್ ಆಳದಲ್ಲಿ, ಜುಲೈ 26ರಂದು ಜೋಪಾನವಾಗಿ ಕೂರಿಸಿದರು. ಹೌದು, ಮುಳುಗಿಸಿದರು ಅನ್ನುವುದಕ್ಕಿಂತ ಕೂರಿಸಿದರು ಅನ್ನುವುದೇ ಸರಿ.

ಇದರ ಹಿಂದಿನ ಲೆಕ್ಕ ಸರಳ. ತುಕ್ಕು ಹಿಡಿಯಬೇಕಾದರೆ ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ತಾಗಬೇಕು. ಗ್ರೀಸ್ ಎರಡನ್ನೂ ತಡೆಯುತ್ತದೆ. ಇದು ಸಿಹಿನೀರು, ಉಪ್ಪುನೀರಿನಷ್ಟು ಬೇಗ ತಿನ್ನುವುದಿಲ್ಲ. ಮರಳಿನ ಭಾರಕ್ಕೆ ಹಡಗು ಇದ್ದಲ್ಲೇ ಇರುತ್ತದೆ. 20 ಮೀಟರ್ ಅಂದರೆ ಆ ಕಾಲದ ಮುಳುಗುಗಾರರ ಕೈಗೆ ಎಟುಕುವ ಆಳ.

ಈ ಘಟನೆಯನ್ನು ಸಾಮಾನ್ಯವಾಗಿ ವಸ್ತುವಿನ ಮೇಲಿನ ಪ್ರೀತಿ, ಕಸುಬಿನ ನಿಷ್ಠೆ ಅಂತ ಹೇಳುತ್ತಾರೆ. ನಿಷ್ಠೆ ಇತ್ತು, ಇಲ್ಲ ಅನ್ನುತ್ತಿಲ್ಲ. ಆದರೆ ಅವರು ಇದನ್ನು ಬ್ರಿಟಿಷರಿಗಾಗಿಯೋ ಮುಂದಿನ ಪೀಳಿಗೆಗಾಗಿಯೋ ಮಾಡಲಿಲ್ಲ. ಯುದ್ಧ ಮುಗಿದ ಮೇಲೆ ತಮ್ಮವರೇ ಬಂದು ಎತ್ತುತ್ತಾರೆ ಅನ್ನುವ ನಂಬಿಕೆಯಿಂದ ಮಾಡಿದರು. ಆ ನಂಬಿಕೆ ಸುಳ್ಳಾಯಿತು, ಗ್ರೀಸ್ ಮಾತ್ರ ಕೆಲಸ ಮಾಡಿತು. ಐದು ಹಸ್ತಾಂತರಗಳಲ್ಲಿ ಅತಿ ಚೆನ್ನಾಗಿ ಆದದ್ದು ಇದು. ಮಾಡಿದವರು ಮಾತ್ರ ತಾವು ಹಸ್ತಾಂತರ ಮಾಡುತ್ತಿದ್ದೇವೆ ಅಂದುಕೊಂಡೇ ಇರಲಿಲ್ಲ.

ಎರಡನೇ ಕೈ

ಆಮೇಲೆ ಕಿಗೋಮಾ ಬೆಲ್ಜಿಯಂನವರ ಕೈ ಸೇರಿತು. ಅವರು ಹಡಗನ್ನು ಹುಡುಕಿ ಎತ್ತಿದರು, ಬಂದರಿಗೆ ಎಳೆದು ತಂದರು. ಕಷ್ಟದ ಕೆಲಸ, ಅದನ್ನು ಮಾಡಿಯೂ ತೋರಿಸಿದರು. ಆದರೆ ಎತ್ತಿದ ಮೇಲೆ ಹಡಗು ಬಂದರಿನಲ್ಲಿ ಸುಮ್ನೆ ನಿಂತಿತು. ಒಂದು ಬಿರುಗಾಳಿ ಬಂತು, ಮತ್ತೆ ಮುಳುಗಿತು.

ಇದರ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ. ನನಗೆ ಇದು ಪಾಠದ ದೃಷ್ಟಿಯಿಂದ ಗ್ರೀಸ್ ಕಥೆಯಷ್ಟೇ ಮುಖ್ಯ ಅನಿಸುತ್ತದೆ. ಎತ್ತುವುದು ಒಂದು ಯೋಜನೆ. ಅದಕ್ಕೆ ಗುರಿ ಇರುತ್ತದೆ, ಹಣ ಇರುತ್ತದೆ, ಮುಗಿದ ದಿನ ಚಪ್ಪಾಳೆಯೂ ಇರುತ್ತದೆ. ಎತ್ತಿದ ಮೇಲೆ ನೋಡಿಕೊಳ್ಳುವುದು ದಿನದ ಕೆಲಸ. ಒಳಗೆ ಬಂದ ನೀರು ತೆಗೆಯಬೇಕು, ಹಗ್ಗ ನೋಡಬೇಕು, ತೂತು ಮುಚ್ಚಬೇಕು, ರಾತ್ರಿ ಕಾವಲು ಇರಬೇಕು. ಜೊತೆಗೆ ಆ ಊರು ತಮ್ಮ ಕೈಯಲ್ಲೇ ಉಳಿಯುತ್ತದೋ ಇಲ್ಲವೋ ಎಂಬುದು ಆ ವರ್ಷಗಳಲ್ಲಿ ಇನ್ನೂ ತೀರ್ಮಾನ ಆಗಿರಲಿಲ್ಲ. ನಾಳೆ ಬಿಟ್ಟು ಹೋಗಬೇಕಾಗಬಹುದು ಅನ್ನುವಾಗ ಹಡಗಿನ ರಿಪೇರಿಗೆ ಯಾರು ದುಡ್ಡು ಹಾಕುತ್ತಾರೆ? 1921ರಲ್ಲಿ ಕಿಗೋಮಾ ಬ್ರಿಟಿಷರಿಗೆ ಹೋಯಿತು. ಹಡಗು ನೀರಿನ ಕೆಳಗೇ ಇತ್ತು.

ಮೂರನೇ ಕೈ: ಮೊದಲು ನೋಡೋಣ

ಬ್ರಿಟಿಷರ ಮುಂದಿದ್ದ ಆಯ್ಕೆಗಳು ಎರಡು. ಹೊಸ ಹಡಗು ತರಿಸಬಹುದು, ಅಂದರೆ ಮತ್ತೆ ಸಾವಿರಾರು ಪೆಟ್ಟಿಗೆ, ಮತ್ತೆ ಅದೇ ರೈಲು. ಇಲ್ಲವೇ ಎರಡು ಸಲ ಮುಳುಗಿದ್ದನ್ನು ಎತ್ತಬಹುದು. ಅವರು ಎತ್ತಿದರು. 1924ರ ಮಾರ್ಚ್ 16ರಂದು ಹಡಗು ಮೇಲೆ ಬಂತು. ಬಿಚ್ಚಿ ನೋಡಿದರೆ ಇಂಜಿನ್, ಬಾಯ್ಲರ್ ಇನ್ನೂ ಬಳಸುವ ಸ್ಥಿತಿಯಲ್ಲಿದ್ದವು.

ಗಮನಿಸಿ, ರಿಪೇರಿ ಮಾಡಬೇಕು ಎಂಬ ತೀರ್ಮಾನ ಗಟ್ಟಿಯಾದದ್ದು ಬಿಚ್ಚಿ ನೋಡಿದ ಮೇಲೆ. ವರ್ಷಗಟ್ಟಲೆ ನೀರಿನಲ್ಲಿದ್ದ ಇಂಜಿನ್ ಕೆಟ್ಟಿರುತ್ತದೆ ಅಂತ ಆಫೀಸಿನಲ್ಲಿ ಕೂತು ಬರೆದುಬಿಡುವುದು ಬಹಳ ಸುಲಭ ಇತ್ತು, ಅದನ್ನು ಯಾರೂ ತಪ್ಪು ಅನ್ನುತ್ತಿರಲಿಲ್ಲ. ಹಾಗಂತ ಆತುರವನ್ನೂ ಮಾಡಲಿಲ್ಲ. ಎತ್ತಿ ಮೂರು ವರ್ಷ ಆದ ಮೇಲೆ, 1927ರ ಮೇ 16ರಂದು, ಹೊಸ ಹೆಸರಿನಲ್ಲಿ ಹಡಗು ಸೇವೆಗೆ ಬಂತು. ಈ ಸಲ ನಿಜವಾಗಿ ಪ್ರಯಾಣಿಕರ ಹಡಗಾಗಿ. ಕಟ್ಟಿಸಿದ ಉದ್ದೇಶ ನೆರವೇರಲು ಹದಿನಾಲ್ಕು ವರ್ಷ ಬೇಕಾಯಿತು.

ಇಲ್ಲಿ ಇನ್ನೊಂದು ನಿರ್ಧಾರ ಸದ್ದಿಲ್ಲದೆ ಆಯಿತು, ಮುಂದಿನ ಎಪ್ಪತ್ತು ವರ್ಷ ಹಡಗನ್ನು ಉಳಿಸಿದ್ದು ಅದೇ. ಹಡಗನ್ನು ರೈಲ್ವೆಗೆ ಸೇರಿಸಿದರು. ಕೇಳಿದರೆ ವಿಚಿತ್ರ, ಅಲ್ವಾ? ಆದರೆ ಕಿಗೋಮಾದಲ್ಲಿ ಹಳಿ ಮುಗಿಯುತ್ತದೆ. ಸರಕು ಬರಬೇಕಾದದ್ದು ಸರೋವರದ ಆಚೆಯಿಂದ, ದಕ್ಷಿಣದ ಊರುಗಳಿಂದ. ಹಡಗು ಇಲ್ಲದಿದ್ದರೆ ಆ ರೈಲಿಗೆ ಅರ್ಧ ಕೆಲಸವೇ ಇಲ್ಲ. ಹಾಗಾಗಿ ಟಿಕೆಟ್ ದುಡ್ಡಿನಿಂದ ಮಾತ್ರ ಹಡಗಿನ ಬೆಲೆ ಕಟ್ಟಬೇಕಾದ ಪ್ರಸಂಗ ಬರಲಿಲ್ಲ. ಜೊತೆಗೆ ರೈಲ್ವೆ ಅಂದರೆ ವರ್ಕ್‌ಶಾಪ್. ಬಾಯ್ಲರ್ ಗೊತ್ತಿರುವವರು, ರಿವೆಟ್ ಗೊತ್ತಿರುವವರು, ಲೇತ್ ನಡೆಸುವವರು ಅಲ್ಲಿ ಸಿಗುತ್ತಾರೆ. ಸ್ಟೀಮ್ ಇಂಜಿನ್ ಹಳಿಯ ಮೇಲಿದ್ದರೂ ನೀರಿನ ಮೇಲಿದ್ದರೂ ಕಸುಬು ಬಹುತೇಕ ಒಂದೇ.

1948ರಲ್ಲಿ ಪೂರ್ವ ಆಫ್ರಿಕಾದ ರೈಲ್ವೆಗಳನ್ನು ಒಂದುಗೂಡಿಸಿದಾಗ ಹಡಗಿನ ಯಜಮಾನ ಮತ್ತೆ ಬದಲಾದ. 1961ರಲ್ಲಿ ದೇಶ ಸ್ವತಂತ್ರವಾಯಿತು. ಹಡಗಿನ ದಿನಚರಿ ಮಾತ್ರ ಹೆಚ್ಚು ಬದಲಾಗಲಿಲ್ಲ. ವರ್ಕ್‌ಶಾಪ್ ಅದೇ ಇತ್ತು, ಹಳಿ ಅದೇ ಇತ್ತು.

ದಿನದ ಕೆಲಸ

ಹಡಗು ಏನು ಮಾಡುತ್ತಿತ್ತು ಅಂತ ಗೊತ್ತಿಲ್ಲದೆ ಮುಂದಿನ ನಿರ್ಧಾರಗಳು ಅರ್ಥ ಆಗುವುದಿಲ್ಲ. ಇತ್ತೀಚಿನ ದಶಕಗಳ ವೇಳಾಪಟ್ಟಿ ಹೀಗಿತ್ತು. ಎರಡು ವಾರಕ್ಕೊಮ್ಮೆ ಬುಧವಾರ ಮಧ್ಯಾಹ್ನದ ಮೇಲೆ ಕಿಗೋಮಾ ಬಿಡುವುದು, ಶುಕ್ರವಾರ ಜಾಂಬಿಯಾದ ಮ್ಪುಲುಂಗು ಸೇರುವುದು, ಭಾನುವಾರ ಹಿಂದಕ್ಕೆ ಬರುವುದು.

ದಾರಿಯಲ್ಲಿ ಸಾಲು ಸಾಲು ಹಳ್ಳಿಗಳು. ಬಹುಪಾಲು ಕಡೆ ಹಡಗು ನಿಲ್ಲಲು ರೇವುಕಟ್ಟೆಯೇ ಇರಲಿಲ್ಲ. ಹಡಗು ದಡದಿಂದ ದೂರ ನಿಂತು ಹಾರ್ನ್ ಹೊಡೆಯುತ್ತಿತ್ತು. ಮರದ ದೋಣಿಗಳು ತುಂಬಿಕೊಂಡು ಬಂದು ಪಕ್ಕಕ್ಕೆ ಅಂಟಿಕೊಳ್ಳುತ್ತಿದ್ದವು. ಕೂಸುಗಳು, ಮುದುಕರು, ಒಣಮೀನಿನ ಚೀಲ, ಜೋಳದ ಮೂಟೆ, ಅನಾನಸ್, ಎಲ್ಲವೂ ಹಡಗಿನ ಬದಿಯ ಬಾಗಿಲಲ್ಲಿ ಒಳಗೆ ಬರಬೇಕಿತ್ತು. ಇಳಿಯುವವರು ಅದೇ ಬಾಗಿಲಲ್ಲಿ, ಅದೇ ಹೊತ್ತಿಗೆ ಇಳಿಯಬೇಕಿತ್ತು. ಕತ್ತಲಲ್ಲೂ ಇದೇ ಕೆಲಸ.

ಈ ವ್ಯವಸ್ಥೆಗೆ ಬೇಕಾದ ಹಡಗು ಬೇರೆ ಥರದ್ದು. ವೇಗ ಮುಖ್ಯ ಅಲ್ಲ. ಗಂಟೆಗಟ್ಟಲೆ ನಿಂತು, ಹೊರಟು, ಮತ್ತೆ ನಿಲ್ಲುವ ತಾಳ್ಮೆ ಇರಬೇಕು. ಒಂದು ಕಡೆ ಜನ ಮುಗಿಬಿದ್ದರೂ ವಾಲಬಾರದು. ರೇವಿಲ್ಲದ ದಡದಲ್ಲಿ ನಡೆಯಬೇಕು. ಹೊಸ ವೇಗದ ಹಡಗು ತಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಈ ಬದಿಯ ಬಾಗಿಲನ್ನು ಮರೆತಿರುತ್ತಾರೆ.

ಹಳೇ ಇಂಜಿನ್ ಕಿತ್ತು ಹಾಕಿದ್ದು

1970ರ ದಶಕದಲ್ಲಿ ಹಡಗಿನ ಸ್ಟೀಮ್ ಇಂಜಿನ್ ತೆಗೆದು ಡೀಸೆಲ್ ಹಾಕಿದರು. ಅದೇ ದಶಕದಲ್ಲಿ, 1977ರಲ್ಲಿ, ಮೂರು ದೇಶಗಳ ಒಕ್ಕೂಟ ಮುರಿದುಬಿತ್ತು. ಜೊತೆಗೆ ಕೂಡು ರೈಲ್ವೆಯೂ ಹೋಯಿತು. ಹಡಗು ತಾಂಜಾನಿಯಾದ ರೈಲ್ವೆ ಪಾಲಿಗೆ ಬಂತು.

ಗ್ರೀಸ್ ಬಳಿದು ಉಳಿಸಿದ ಇಂಜಿನ್ ಹೋಯಿತಲ್ಲ ಅಂತ ಮರುಗುವವರು ಇದ್ದಾರೆ. ನಾನು ಅವರ ಕಡೆ ಇಲ್ಲ. ಸ್ಟೀಮ್ ಹಡಗಿನಲ್ಲಿ ಹೊರಡುವ ಎಷ್ಟೋ ಗಂಟೆ ಮೊದಲೇ ಬಾಯ್ಲರ್ ಹೊತ್ತಿಸಬೇಕು. ಅದಕ್ಕೆ ಜನ ಜಾಸ್ತಿ ಬೇಕು, ಇಂಧನಕ್ಕೆ ಜಾಗ ಜಾಸ್ತಿ ಬೇಕು. ಅದಕ್ಕಿಂತ ಮುಖ್ಯವಾಗಿ, ರೈಲ್ವೆಯೇ ಸ್ಟೀಮ್ ಬಿಟ್ಟು ಡೀಸೆಲ್‌ಗೆ ಹೋಗುತ್ತಿತ್ತು. ಹಳಿಯ ಮೇಲೆ ಸ್ಟೀಮ್ ಸತ್ತ ಮೇಲೆ ಹಡಗಿಗೆ ಬಾಯ್ಲರ್ ಮೆಕ್ಯಾನಿಕ್ ಎಲ್ಲಿಂದ ಬರಬೇಕು? ಇಂಜಿನ್ ಉಳಿಸಿದ್ದರೆ ಹಡಗು ಅಂದೇ ನೋಡುವ ವಸ್ತು ಆಗುತ್ತಿತ್ತು. ಇಂಜಿನ್ ತೆಗೆದವರು ಹಡಗನ್ನು ಇನ್ನೂ ನಲವತ್ತು ವರ್ಷ ದುಡಿಯುವ ವಸ್ತುವಾಗಿ ಉಳಿಸಿದರು. ಪರಂಪರೆ ಅಂತ ಮಾತಾಡುವವರಿಗೂ ದಡದಲ್ಲಿ ಮೂಟೆ ಇಟ್ಟುಕೊಂಡು ಕಾಯುವವರಿಗೂ ಇಲ್ಲಿ ಬೇಕಾದದ್ದು ಬೇರೆ ಬೇರೆ. ಆಯ್ಕೆ ಮಾಡಲೇಬೇಕಿತ್ತು, ಮಾಡಿದರು.

1993ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಇನ್ನೊಂದು ದೊಡ್ಡ ರಿಪೇರಿ ಆಯಿತು. ಪ್ರಯಾಣಿಕರ ಮಿತಿ 600ಕ್ಕೆ ಏರಿತು. ನೆರವಿನ ಹಣದ ಸ್ವಭಾವ ಒಂದಿದೆ. ಅದು ದೊಡ್ಡ ಕೆಲಸಕ್ಕೆ ಬರುತ್ತದೆ, ಉದ್ಘಾಟನೆ ಆಗುವ ಕೆಲಸಕ್ಕೆ ಬರುತ್ತದೆ. ನಾಲ್ಕನೇ ವರ್ಷದ ಫಿಲ್ಟರ್‌ಗೆ, ಸೀಲಿಗೆ, ಎಣ್ಣೆಗೆ ಬರುವುದಿಲ್ಲ. ಆ ಖರ್ಚು ಯಜಮಾನನದ್ದೇ.

ವಯಸ್ಸಿನ ಮಾತು

1996ರ ಮೇ 21ರಂದು ವಿಕ್ಟೋರಿಯಾ ಸರೋವರದಲ್ಲಿ, ಮ್ವಾಂಜಾ ಹತ್ತಿರ, ಇದೇ ರೈಲ್ವೆಗೆ ಸೇರಿದ ಇನ್ನೊಂದು ಪ್ರಯಾಣಿಕರ ಹಡಗು ಮಗುಚಿತು. 430 ಜನರಿಗೆ ಮಾಡಿದ್ದ ಹಡಗು ಅದು. ಸತ್ತವರೇ ಸುಮಾರು 800. ಆ ಹಡಗಿಗೆ ಇನ್ನೂ ಇಪ್ಪತ್ತು ವರ್ಷ ಕೂಡ ಆಗಿರಲಿಲ್ಲ.

ಪಕ್ಕದ ಸರೋವರದಲ್ಲಿ ಎಂಬತ್ತು ದಾಟಿದ ಹಡಗು ಓಡುತ್ತಲೇ ಇತ್ತು. ಹಡಗಿಗೆ ವಯಸ್ಸಾಯಿತು, ಹಾಗಾಗಿ ಅಪಾಯ ಅನ್ನುವುದು ಪೂರ್ತಿ ನಿಜ ಅಲ್ಲ. ತಳದ ಹಾಳೆ ಎಷ್ಟು ದಪ್ಪ ಉಳಿದಿದೆ, ಭಾರ ಎಲ್ಲಿ ಕೂತಿದೆ, ಬಾಗಿಲಲ್ಲಿ ತಲೆ ಎಣಿಸುವವನು ಬೇಡ ಅಂದರೆ ಕ್ಯಾಪ್ಟನ್ ಕೇಳುತ್ತಾನಾ ಅನ್ನುವುದರ ಮೇಲೆ ಅಪಾಯ ನಿಂತಿದೆ. ಹಳೇ ಹಡಗು ಅಂದ ಕೂಡಲೇ ತಪಾಸಣೆ ಮಾಡುವವರ ಕಣ್ಣು ತುಕ್ಕಿನ ಮೇಲೆ ಹೋಗುತ್ತದೆ. ಮೇಲಿನ ಡೆಕ್ಕಿನಲ್ಲಿ ಜನ ಎಷ್ಟಿದ್ದಾರೆ ಅಂತ ನೋಡುವುದು ಅದಕ್ಕಿಂತ ಮುಂಚಿನ ಕೆಲಸ.

ಕೊನೆಯ ಕೈ

1990ರ ದಶಕದ ಕೊನೆಗೆ ಸರೋವರದ ಹಡಗುಗಳನ್ನು ರೈಲ್ವೆಯಿಂದ ಬೇರ್ಪಡಿಸಿದರು. ಅವುಗಳಿಗೆಂದೇ ಪ್ರತ್ಯೇಕ ಸರ್ಕಾರಿ ಕಂಪನಿ ಆಯಿತು. ಕಾಗದದ ಮೇಲೆ ಇದು ಒಳ್ಳೆಯ ಕ್ರಮ. ಹಡಗಿನ ಕೆಲಸ ಹಡಗಿನವರು ನೋಡಿಕೊಳ್ಳಲಿ, ಲೆಕ್ಕ ಸ್ವಚ್ಛವಾಗಿರಲಿ, ಇಷ್ಟೇ ಉದ್ದೇಶ.

ನನ್ನ ಪ್ರಕಾರ ಈ ಪ್ರಕರಣದ ಅತಿ ದೊಡ್ಡ ತಿರುವು ಇದೇ. ಮುಳುಗಿಸಿದ್ದಕ್ಕಿಂತ ದೊಡ್ಡದು. ಮೊದಲ ಬಾರಿಗೆ ಹಡಗು ತನ್ನ ಟಿಕೆಟ್ಟಿನ ದುಡ್ಡಿನಲ್ಲಿ ತಾನೇ ಬದುಕಬೇಕಾಯಿತು. ಅದರಲ್ಲಿ ಹೋಗುವವರು ಒಣಮೀನು ಮಾರುವವರು, ಆಸ್ಪತ್ರೆಗೆ ಹೋಗುವವರು, ಮಕ್ಕಳನ್ನು ಕರೆದುಕೊಂಡು ಊರಿಗೆ ಹೊರಟವರು. ಡೀಸೆಲ್ ದರ ಏರಿದಂತೆ ಅವರ ಟಿಕೆಟ್ ಏರಿಸೋಕೆ ಆಗುವುದಿಲ್ಲ. ಹಿಂದೆ ಈ ಕೊರತೆಯನ್ನು ರೈಲ್ವೆಯ ದೊಡ್ಡ ಲೆಕ್ಕ ನುಂಗಿಕೊಳ್ಳುತ್ತಿತ್ತು. ಈಗ ಅದು ಬರೀ ನಷ್ಟ ಅಂತ ಎದ್ದು ಕಾಣತೊಡಗಿತು.

ನಷ್ಟದ ಹಡಗು ಏನು ಮಾಡಬಲ್ಲದು ಅನ್ನುವುದೂ ಇದೇ ಕಾಲದಲ್ಲಿ ಗೊತ್ತಾಯಿತು. 1997ರಲ್ಲಿ ಕಾಂಗೋ ಯುದ್ಧದಿಂದ ಓಡಿಬಂದಿದ್ದ ನಿರಾಶ್ರಿತರನ್ನು ಹಿಂದಕ್ಕೆ ಕಳಿಸಲು ವಿಶ್ವಸಂಸ್ಥೆ ಈ ಹಡಗನ್ನೂ ಇನ್ನೊಂದನ್ನೂ ಬಳಸಿತು. ಐದು ತಿಂಗಳಲ್ಲಿ ಎರಡೂ ಸೇರಿ 75,000ಕ್ಕೂ ಹೆಚ್ಚು ಜನರನ್ನು ದಾಟಿಸಿದವು. 2015ರಲ್ಲಿ ಬುರುಂಡಿಯಿಂದ ಹತ್ತಾರು ಸಾವಿರ ಜನ ಓಡಿಬಂದು ಕಗುಂಗಾ ಎಂಬ ಸಣ್ಣ ದಡದಲ್ಲಿ ಸಿಕ್ಕಿಹಾಕಿಕೊಂಡರು. ಹಿಂದೆ ಕಡಿದಾದ ಗುಡ್ಡ, ಮುಂದೆ ನೀರು, ರಸ್ತೆ ಇಲ್ಲ. ಒಂದು ಸಲಕ್ಕೆ ಸುಮಾರು 600 ಜನರಂತೆ ಅವರನ್ನು ಕಿಗೋಮಾಕ್ಕೆ ತಂದದ್ದು ಇದೇ ಹಡಗು. ರೇವುಕಟ್ಟೆ ಇಲ್ಲದ ದಡ, ಸಣ್ಣ ದೋಣಿ, ಬದಿಯ ಬಾಗಿಲು. ಆ ಸಿಬ್ಬಂದಿಗೆ ಇದು ಹೊಸ ಕೆಲಸ ಆಗಿರಲಿಲ್ಲ. ಎರಡು ವಾರಕ್ಕೊಮ್ಮೆ ಮಾಡುತ್ತಿದ್ದದ್ದನ್ನೇ ಬಿಡುವಿಲ್ಲದೆ ಮಾಡಿದರು. ಮಾಮೂಲಿ ಓಡಾಟ ನಿಂತುಹೋಗಿದ್ದರೆ ಹಡಗನ್ನು ಅಂಥ ಹೊತ್ತಲ್ಲಿ ದಿಢೀರ್ ಅಂತ ಹೊರಡಿಸೋಕೆ ಆಗುತ್ತಿರಲಿಲ್ಲ.

ಇದರ ಮಧ್ಯೆ ಹಡಗನ್ನು ಮ್ಯೂಸಿಯಂ ಮಾಡಬೇಕೆಂಬ ಮಾತು ಬಂತು, ಓಡಿಸುತ್ತಲೇ ಇರಬೇಕೆಂಬ ಮಾತೂ ಬಂತು. ಎರಡು ಮಾತಿಗೂ ಬೆಂಬಲ ಸಿಗುವಾಗ ಯಾವುದಕ್ಕೂ ದುಡ್ಡು ಸಿಗುವುದಿಲ್ಲ. 2018ರ ಹೊತ್ತಿಗೆ ಓಡಾಟ ನಿಂತಿತು.

ಬೇರೆಯವರು ಇದರಿಂದ ತೆಗೆದುಕೊಳ್ಳಬಹುದಾದದ್ದು

ಹಳೇ ಹಡಗನ್ನೋ, ಅಂಥದ್ದೇ ಇನ್ನೊಂದು ಸಾರ್ವಜನಿಕ ಆಸ್ತಿಯನ್ನೋ ವಹಿಸಿಕೊಳ್ಳುವವರು ಇಲ್ಲಿಂದ ಗ್ರೀಸ್ ಕಥೆಯನ್ನು ಮಾತ್ರ ಒಯ್ಯಬಾರದು. ಬಿಟ್ಟು ಹೋಗುವವನ ಒಳ್ಳೆಯತನವನ್ನು ನಂಬಿ ಯೋಜನೆ ಮಾಡೋಕೆ ಆಗುವುದಿಲ್ಲ. ಆ ಮೂವರೂ ಮತ್ತೆ ತಮ್ಮವರದೇ ಆಗುತ್ತದೆ ಅಂತಲೇ ಜೋಪಾನ ಮಾಡಿದ್ದು. ಹಾಗಾದರೆ ಹೊಸ ಯಜಮಾನ ಕೇಳಬೇಕಾದದ್ದು: ಹಿಂದಿನವರು ಕೊನೆಯ ಐದು ವರ್ಷ ಇದು ತಮ್ಮ ಕೈಯಲ್ಲೇ ಇರುತ್ತದೆ ಅಂದುಕೊಂಡಿದ್ದರಾ, ಇಲ್ಲ ಹೋಗೇ ಹೋಗುತ್ತದೆ ಅಂದುಕೊಂಡಿದ್ದರಾ? ಎರಡನೆಯದಾದರೆ ರಿಪೇರಿ ಪುಸ್ತಕದಲ್ಲಿ ಏನೇ ಬರೆದಿದ್ದರೂ ನಂಬಬೇಡಿ, ಬಿಚ್ಚಿ ನೋಡಿ. ಬ್ರಿಟಿಷರು 1924ರಲ್ಲಿ ಮಾಡಿದ್ದು ಇಷ್ಟೇ.

ಬೇರ್ಪಡಿಸುವಾಗ ಬರೀ ಆಸ್ತಿ ಪಟ್ಟಿ ಕೊಟ್ಟರೆ ಸಾಲದು. ಈ ಹಡಗಿಗೆ ರೈಲ್ವೆಯಿಂದ ಸಿಗುತ್ತಿದ್ದ ವರ್ಕ್‌ಶಾಪ್, ಕೈ ಪಳಗಿದ ಜನ, ಕೊರತೆ ತುಂಬುವ ದುಡ್ಡು ಯಾವ ಪಟ್ಟಿಯಲ್ಲೂ ಕಾಣುವಂಥದ್ದಲ್ಲ. ಕಂಪನಿ ಬೇರೆ ಮಾಡುವುದೇ ಆದರೆ ರೇವಿಲ್ಲದ ಹಳ್ಳಿಗಳಿಗೆ ಹೋಗುವ ಖರ್ಚನ್ನು ಸರ್ಕಾರ ವರ್ಷ ವರ್ಷ ಎಷ್ಟು ಕೊಡುತ್ತದೆ ಅಂತ ಮೊದಲೇ ಬರೆಸಿಕೊಳ್ಳಬೇಕು. ಬರೆಸಿಕೊಳ್ಳದಿದ್ದರೆ ಆ ಹಳ್ಳಿಗಳು ನಷ್ಟದ ಕಲಂನಲ್ಲಿ ಕೂರುತ್ತವೆ. ಹಡಗು ನಿಂತ ಮೇಲೆ ಅಲ್ಲಿಯ ಜನ ಓಡಾಡುವುದನ್ನು ಬಿಡುವುದಿಲ್ಲ. ಹಿಂದೆ ಹಡಗಿನವರೆಗೆ ಹೋಗಲು ಮಾತ್ರ ಹತ್ತುತ್ತಿದ್ದ ಮರದ ದೋಣಿಯಲ್ಲೇ ಉದ್ದಕ್ಕೂ ಹೋಗುತ್ತಾರೆ. ಆ ದೋಣಿಗಳಲ್ಲಿ ತಲೆ ಎಣಿಸುವವರು ಯಾರೂ ಇಲ್ಲ.